ತಾನಾಗಿ ಬರುವುದನ್ನು ನಂಬದ ತಮ್ಮ

ತಾನಾಗಿ ನಡೆಯುವ ಯಾವುದನ್ನೂ ನನ್ನ ತಮ್ಮ ನಂಬುವವನಲ್ಲ. ಸೂರ್ಯನನ್ನು ಹೇಗೆ ನಂಬುತ್ತಾನೆ ಅಂತೀರಾ? ನಂಬುವುದಿಲ್ಲ! ದಿನಾ ಬೆಳಗ್ಗೆ ಅಂಗಳದಲ್ಲಿ ನಿಂತು, ಬಂದದ್ದು ಖಾತ್ರಿಯಾದ ಮೇಲೆಯೇ ಚಾ ಕುಡಿಯುವುದು.

ಅನ್ನ ಬೆಂದ ಕೂಡಲೇ ತಾನೇ ಆಫ್ ಆಗುವ ಕುಕ್ಕರ್ ತಂದ. ತಂದವನು ಪ್ಲಗ್ಗಿನ ಮೇಲೆ ಕೈಯಿಟ್ಟು ಅರ್ಧ ಗಂಟೆ ನಿಂತ.

“ಅದೇ ಆಫ್ ಆತ್ತಲ್ದಾ ಮಾರಾಯಾ, ನೀನೆಂತಕ್ಕೆ ನಿಂತದ್?” ಅಂದೆ.

“ಅದಕ್ಕ್ ಮರ್ತ್ ಹೋದ್ರೆ?” ಅಂದ!

ಇಂಥವನು ನಾವುಂದ ಊರಿನ ತನ್ನ ಮನೆಗೆ ಕಂಪ್ಯೂಟರ್ ತಂದದ್ದು ಮುಂಬೈಯಲ್ಲಿರುವ ನಮ್ಮ ಅಣ್ಣಯ್ಯನಿಗಾಗಿ. ಪಕ್ಷವಾತ ಹೊಡೆದು ಅಣ್ಣಯ್ಯನ ಮಾತು ನಿಂತು ಎಂಟು ತಿಂಗಳಾಗಿತ್ತು. ಊಟಕ್ಕೂ ಬಾಯಿ ತೆರೆಯುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ನಮ್ಮ ಮುಖ ಕಂಡರೆ ಮಾತ್ರ ನಾಲ್ಕು ತುತ್ತು ಹೋಗುತ್ತಿತ್ತು. ಹಾಗಾಗಿ ಭಾನುವಾರ ಮಧ್ಯಾಹ್ನ ಬೇಲಿಯಾಚೆಯ ನನ್ನ ಮನೆಯಿಂದ ನಾನೂ ಹೋಗಿ ಕೂರುತ್ತಿದ್ದೆ. ಬಂಗುಡೆ ಮೀನಿನ ಸಾರಿನ ಬಟ್ಟಲನ್ನು ಕ್ಯಾಮರಾಕ್ಕೆ ತಮ್ಮ ಹಿಡಿಯುವುದು, ಅದನ್ನು ನೋಡುತ್ತ ಅಣ್ಣಯ್ಯ ಅಲ್ಲಿ ಸೊಸೆ ತಿನ್ನಿಸುವ ಗಂಜಿ ನುಂಗುವುದು! ಒಮ್ಮೆ ಸಾರು ಕೀಬೋರ್ಡಿಗೂ ಬಿತ್ತು. ಬೆಕ್ಕು ನೆಕ್ಕಿದ್ದೇ ನೆಕ್ಕಿದ್ದು, ಅಕ್ಷರಗಳೆಲ್ಲ ಒತ್ತಿಹೋಗಿ ಅಣ್ಣಯ್ಯನಿಗೆ ಒಂದು ಉದ್ದ ಕಾಗದವೇ ಹೋಯಿತು.

ಆದರೆ ನೆಟ್ಟಿನ ವೈರು ರಸ್ತೆಯ ಕಂಬದಿಂದ ತೆಂಗಿನ ಮರ ಹಿಡಿದು ಬರುವಂಥದ್ದು. ಗಾಳಿ ಬಂದರೆ ನೆಟ್ ಹೋಗುತ್ತಿತ್ತು. ಗಾಳಿ ನಿಂತರೂ ಕಂಪ್ಯೂಟರ್ ತಾನಾಗಿ ನೆಟ್ಟಿಗೆ ಸೇರಿಕೊಳ್ಳುತ್ತಿರಲಿಲ್ಲ. ಹೆಸರು, ಪಾಸ್‌ವರ್ಡ್ ಎಲ್ಲ ಹೊಸದಾಗಿ ಒತ್ತಬೇಕು. ಕನ್ನಡಕ ಹುಡುಕಿ, ಒಂದೇ ಬೆರಳಲ್ಲಿ ತಮ್ಮ ಒತ್ತಿ ಮುಗಿಸುವಾಗ ಅಣ್ಣಯ್ಯ ಬಾಯಿ ಮುಚ್ಚಿ ಗೋಡೆಗೆ ತಿರುಗಿರುತ್ತಿದ್ದ. ಆಮೇಲೆ ಬಂಗುಡೆಯಲ್ಲ, ತಿಮಿಂಗಿಲ ತೋರಿಸಿದರೂ ಇಲ್ಲ.

ಕಡೆಗೆ ಹೆಮ್ಮಾಡಿಯಿಂದ ಕಂಪ್ಯೂಟರ್ ರಿಪೇರಿಯ ಹೆಂಗಸು ಬಂದಳು. ಏನೇನೋ ಒತ್ತಿ, ಒಂದು ಸಣ್ಣ ಚೌಕದಲ್ಲಿ ಗುರುತು ಹಾಕಿ, “ಇನ್ನ್ ನೆಟ್ ಹೋದ್ರೂ ಅದೇ ಕನೆಕ್ಟ್ ಆತ್ತ್” ಅಂದಳು.

“ನಾನ್ ಎಂತ ಮಾಡ್ಕ್?”

“ಎಂತದೂ ಬ್ಯಾಡ. ಸುಮ್ನೆ ಕೂಕಣಿ.”

ಹೇಳಬಾರದ್ದನ್ನು ಹೇಳಿದಳು! ಅವಳು ಗೇಟು ದಾಟುವ ಮೊದಲೇ ತಮ್ಮ ವೈರು ಕಿತ್ತ. “ಹೋಯ್ತ್!” ಸಿಕ್ಕಿಸಿ ಕಾದ. “ಬಂತ್!” ಮತ್ತೆ ಕಿತ್ತ. ದಿನಕ್ಕೆ ಇಪ್ಪತ್ತು ಸಲ. ಮೊದಲು ಗಾಳಿ ಬಂದಾಗ ಮಾತ್ರ ನೆಟ್ ಹೋಗುತ್ತಿತ್ತು. ಈಗ ಗಾಳಿಗೆ ಕೆಲಸವೇ ಇಲ್ಲ!

ಭಾನುವಾರ ಬಂತು. ಅಣ್ಣಯ್ಯ ಎರಡು ತುತ್ತು ಉಂಡಿದ್ದ, ಅಷ್ಟೆ. ಇವನು ವೈರು ಎಳೆದೇ ಬಿಟ್ಟ.

“ನಿನ್ನ ಮಂಡೆ ಸಮ ಇತ್ತಾ? ಉಂಬು ಹೊತ್ತಿಗೆ!” ನಾನು ಸೌಟು ಎತ್ತಿದೆ.

“ಉಂಬು ಹೊತ್ತಿಗೇ ಅಲ್ದಾ ಅಕ್ಕಯ್ಯಾ ಅದ್ ಬರ್ಕಾದ್ದ್?” ಎನ್ನುತ್ತ ವೈರು ಸಿಕ್ಕಿಸಿದ.

ಚಿತ್ರ ಮರಳಿತು. ಅಣ್ಣಯ್ಯನ ಬೆನ್ನು ಕಾಣುತ್ತದೆ ಅಂದುಕೊಂಡಿದ್ದೆ. ಮುಖವೇ ಕಂಡಿತು. ಸೊಟ್ಟ ಬಾಯಿಂದ ಗಂಜಿ ಸುರಿಯುತ್ತಿದ್ದರೂ ನಗುತ್ತಿದ್ದ. ತಮ್ಮನನ್ನೇ ನೋಡುತ್ತ, ತೊದಲುತ್ತ, ಎಂಟು ತಿಂಗಳಲ್ಲಿ ಮೊದಲ ಮಾತಾಡಿದ:

“ಬಂದ್ಯಾ?”

ಮತ್ತೆ ವೈರು ಕೀಳಲು ತಮ್ಮನಿಗೆ ಕೈ ಏಳಲಿಲ್ಲ.

ಸೌಟು ಕೆಳಗಿಟ್ಟು, ಆ ಮಾತು ಇನ್ನೊಮ್ಮೆ ಕೇಳಲೆಂದು ಎರಡನೇ ಸಲ ವೈರು ಕಿತ್ತವಳು ನಾನು.