ಅಡವಿ ಪಿಚ್ಚರ್ ಮತ್ತು ನನ್ನ ಇಂಗ್ಲಿಷು

ಇಂಗ್ಲಿಷ್ ಬಲ್ಲವನಿಗೆ ಸ್ನೇಹಿತರು ಕಡಿಮೆ ಎಂಬುದು ನನ್ನ ಅನುಭವ. ಅರ್ಜಿ ಬರೆಸಿಕೊಳ್ಳಲು ಜನ ಬರುತ್ತಾರೆ, ಡಾಕ್ಟರು ಬರೆದ ಚೀಟಿ ಓದಿಸಲು ಬರುತ್ತಾರೆ, ಕೆಲಸ ಮುಗಿದ ಮೇಲೆ ‘ಬರ್ತೀವ್ರಿ ಸರ’ ಎಂದು ಎದ್ದು ಹೋಗುತ್ತಾರೆ. ಹಾಗೆ ಹೋದವರು ಮುಂದಿನ ಅರ್ಜಿಯವರೆಗೆ ಬರುವುದಿಲ್ಲ. ಶಹಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಕಲಿಸುತ್ತ ನನ್ನ ತಲೆ ಬೆಳ್ಳಗಾಯಿತು, ಮದುವೆ ಮಾತ್ರ ಆಗಲಿಲ್ಲ. ಕನ್ಯೆ ನೋಡಲು ಹೋದಲ್ಲೆಲ್ಲ ಪೇಪರು ತಿದ್ದುವವರ ಮುಖ ಮಾಡಿಕೊಂಡು ಕೂತಿರುತ್ತಿದ್ದೆನಂತೆ. ಗೋಗಿಯಲ್ಲಿರುವ ನನ್ನ ಅಕ್ಕ ಈಗಲೂ ಬೈಯುತ್ತಾಳೆ. ಬೈಯಲಿ, ಅವಳೊಬ್ಬಳಾದರೂ ಫೋನು ಮಾಡುತ್ತಾಳಲ್ಲ.

ಒಂಟಿ ಮನುಷ್ಯನ ವಾರದ ದಿನಗಳು ಹೇಗೋ ಸಾಗಿಬಿಡುತ್ತವೆ, ಕಾಲೇಜಿನ ಗದ್ದಲವಿರುತ್ತದೆ. ಭಾನುವಾರದ್ದೇ ತಕರಾರು. ಬೆಳಿಗ್ಗೆ ಎರಡು ಅಂಗಿ ಒಗೆದು ಹಾಕಿದರೆ ಮುಂದೆ ಸಂಜೆಯತನಕ ಮಾತಿಗೆ ಒಂದು ನರಪಿಳ್ಳೆ ಇರುವುದಿಲ್ಲ. ಇಂಥ ಭಾನುವಾರಗಳನ್ನು ಕೆಲವು ವರ್ಷಗಳಿಂದ ಕಾಪಾಡಿಕೊಂಡು ಬಂದವನು ನಿಂಗಪ್ಪ. ಸುರಪುರದಲ್ಲಿ ಅವನದೊಂದು ಕಂಬಳಿ ಅಂಗಡಿ. ಒಮ್ಮೆ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಅರ್ಧ ಕಂಬಳಿ ಗಂಟು, ಅರ್ಧ ತನ್ನ ತೊಡೆ ಇಟ್ಟುಕೊಂಡು ಕೂತು ಪರಿಚಯ ಮಾಡಿಕೊಂಡ ಮನುಷ್ಯ. ಮಾತಿನ ಮಲ್ಲ. ಶಹಾಪುರದಲ್ಲಿ ಇಳಿಯುವಷ್ಟರಲ್ಲಿ ನನಗೆ ಹೆಂಡತಿ ಇಲ್ಲ, ಟಿ.ವಿ. ಇದೆ ಎಂಬ ಎರಡೂ ಸಂಗತಿ ಅವನಿಗೆ ತಿಳಿದಿದ್ದವು. ಮುಂದಿನ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದ.

ಆ ದಿನ ನಾನು ಸಿ.ಡಿ. ಹಾಕಿ ನೋಡುತ್ತಿದ್ದದ್ದು ಒಂದು ಹಳೆಯ ಹಾಲಿವುಡ್ ಸಿನಿಮಾ. ರಾಜನಿಲ್ಲದ ಹೊತ್ತಿನಲ್ಲಿ ಅಧಿಕಾರಿಗಳು ಬಡವರನ್ನು ಸುಲಿಯುತ್ತಾರೆ, ಒಬ್ಬ ಶೂರ ಕಾಡು ಸೇರಿ ಅವರನ್ನು ದೋಚಿ ಬಡವರಿಗೆ ಹಂಚುತ್ತಾನೆ. ಬಾಣ, ಕತ್ತಿವರಸೆ, ಹಗ್ಗ ಹಿಡಿದು ಮೇಲಿಂದ ಕೆಳಗೆ ಜಿಗಿತ, ಎಲ್ಲ ಇದೆ. ನಿಂಗಪ್ಪನಿಗೆ ಇಂಗ್ಲಿಷಿನ ಒಂದು ಅಕ್ಷರ ಬಾರದು. ಆದರೆ ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಅವನು ನನಗೇ ಕಥೆ ಹೇಳತೊಡಗಿದ! ಸುಲಿಯುವ ಅಧಿಕಾರಿ ತಹಸೀಲ್ದಾರನಾದ. ಕೋಟೆ ವನದುರ್ಗದ್ದಾಯಿತು. ನಾಯಕಿ ಯಾರದೋ ಗೌಡರ ಮಗಳು, ಅವಳಿಗೆ ಅಪ್ಪ ನೋಡಿದ ಗಂಡು ಮನಸ್ಸಿಗೆ ಬಂದಿಲ್ಲ. ಆ ಶೂರನಂತೂ ಸುರಪುರದ ಕಡೆಯವನೇ, ಅದರಲ್ಲಿ ಎರಡನೇ ಮಾತಿಲ್ಲ. ಕಾಲಿಗೆ ಅಂಟಿಕೊಂಡಂಥ ಆ ಬಿಗಿ ಚಲ್ಲಣ ಯಾಕೆ ಎಂದು ನಾನು ಕೇಳಿದ್ದಕ್ಕೆ, ಅಡವಿಯಲ್ಲಿ ಧೋತರ ಉಟ್ಟು ಓಡಿದರೆ ಜಾಲಿಮುಳ್ಳು ಬಿಡುತ್ತದೆಯೇ ಎಂದು ನನ್ನನ್ನೇ ಗದರಿಸಿದ. ನನಗೆ ಆ ಉತ್ತರ ಸರಿಯೆನಿಸಿತು.

ಅಲ್ಲಿಂದ ಅದೇ ರೂಢಿಯಾಯಿತು. ಬೇರೆ ಸಿನಿಮಾ ಹಾಕಿದರೆ ಅವನಿಗೆ ಸೇರದು, ‘ಅಡವಿ ಪಿಚ್ಚರ್ ಹಚ್ರಿ ಮಾಸ್ತರ್ರ’ ಎನ್ನುವನು. ನಾನು ರೊಟ್ಟಿ ಮಾರುವ ನೀಲಮ್ಮನ ಮನೆಯಿಂದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬರುತ್ತಿದ್ದೆ. ಉಣ್ಣುತ್ತ ನೋಡುವುದು, ನೋಡುತ್ತ ಅವನು ಹೇಳುವುದು, ನಾನು ಹೂಂಗುಟ್ಟುವುದು. ಪ್ರತಿಸಲವೂ ಕಥೆ ಒಂದಿಷ್ಟು ಬೆಳೆಯುತ್ತಿತ್ತು. ಕಡೆಯ ದೃಶ್ಯವಂತೂ ಅವನ ಬಾಯಲ್ಲೇ ಕೇಳಬೇಕು. ಅಲ್ಲಿ ನಿಜವಾದ ರಾಜ ಮರಳಿ ಬರುತ್ತಾನೆ, ಶೂರ ಅವನ ಮುಂದೆ ಮೊಣಕಾಲೂರುತ್ತಾನೆ, ರಾಜ ಅವನ ಹೆಗಲಿಗೆ ಕತ್ತಿ ತಾಗಿಸಿ ಪದವಿ ಕೊಡುತ್ತಾನೆ. ನಿಂಗಪ್ಪನ ಪ್ರಕಾರ ಶೂರನ ಕಾಲಿಗೆ ಮುಳ್ಳು ಚುಚ್ಚಿದೆ, ಅದನ್ನು ತೆಗೆಯಲು ಬಗ್ಗಿದ್ದಾನೆ. ಅಷ್ಟರಲ್ಲಿ ಸೋತ ರಾಜ ತನ್ನ ಕತ್ತಿಯನ್ನು ಅವನ ಹೆಗಲ ಮೇಲಿಟ್ಟು ಒಪ್ಪಿಸಿಬಿಡುತ್ತಾನೆ. ಅದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಾಡುತ್ತಿತ್ತು. ನನ್ನ ಕಣ್ಣಲ್ಲೂ ಆಡುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಿರುವಾಗ ಒಂದು ಭಾನುವಾರ ನಿಂಗಪ್ಪ ಗಂಟಲು ಕಟ್ಟಿಕೊಂಡು ಬಂದ. ಕುತ್ತಿಗೆಗೆ ಟವೆಲು ಸುತ್ತಿಕೊಂಡಿದ್ದ. ದನಿಯೇ ಏಳದು. ಈ ಸಲ ನೀವೇ ಹೇಳಿರಿ ಎಂದು ಕೈಸನ್ನೆ ಮಾಡಿದ. ನೋಡಿ, ಕೇಡುಗಾಲ ಬಂದಾಗ ಬುದ್ಧಿ ಹೀಗೇ ಕೈಕೊಡುತ್ತದೆ. ಅವನು ಕೇಳಿದ್ದು ಅವನ ಕಥೆಯನ್ನು. ನಾನೋ, ಇಷ್ಟು ವರ್ಷ ಹಿಂದಿನ ಬೆಂಚಿನವರು ಆಕಳಿಸುವುದನ್ನು ನೋಡಿ ನೋಡಿ ದಣಿದ ಮಾಸ್ತರ. ಕಣ್ಣು ಮಿಟುಕಿಸದೆ ಕೇಳುವ ಒಬ್ಬ ವಿದ್ಯಾರ್ಥಿ ಸಿಕ್ಕಿದನಲ್ಲ ಎಂಬ ಹುರುಪಿನಲ್ಲಿ ಸಾಲು ಸಾಲಾಗಿ, ಪದಕ್ಕೆ ಪದ ಅರ್ಥ ಹೇಳುತ್ತ ಹೋದೆ. ತಹಸೀಲ್ದಾರ ಹೋದ, ಗೌಡರ ಮಗಳು ಹೋದಳು, ವನದುರ್ಗ ಹೋಯಿತು. ಕಡೆಗೆ ಮೊಣಕಾಲಿನ ದೃಶ್ಯ ಬಂತು. ಅದು ಮುಳ್ಳಲ್ಲ ನಿಂಗಪ್ಪ, ಇವನು ಮೊದಲಿನಿಂದಲೂ ಆ ರಾಜನ ಬಂಟನೇ, ರಾಜ ಬರಲೆಂದೇ ಇಷ್ಟೆಲ್ಲ ಮಾಡಿದ್ದು, ಈಗ ಕಾಲಿಗೆ ಬಿದ್ದು ಜಹಗೀರು ಪಡೆಯುತ್ತಿದ್ದಾನೆ ಎಂದು ವಿವರಿಸಿದೆ. ಪಾಠ ಚೆನ್ನಾಗಿ ಆಯಿತೆಂಬ ತೃಪ್ತಿಯೂ ಆಯಿತು.

ನಿಂಗಪ್ಪ ಟಿ.ವಿ.ಯಿಂದ ನನ್ನ ಕಡೆ ತಿರುಗಿದ. ಆಮೇಲೆ ಇದ್ದಷ್ಟು ದನಿಯಲ್ಲಿ ಕೇಳಿದ.

‘ಕಾಲಿಗೆ ಬೀಳಾಂವ ಇದ್ರ ಇಷ್ಟ್ಯಾಕ ಹಾರ್ಯಾಡಿದನ್ರಿ ಅಂವ?’

ಅವನು ಅರ್ಧ ರೊಟ್ಟಿ ಹಾಗೇ ಬಿಟ್ಟು ಕೈ ತೊಳೆದ, ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನು ಮಾಡಿದರೆ ಒಮ್ಮೆ ಸಂತೆ ಇದೆ ಎಂದ, ಒಮ್ಮೆ ವಡಗೇರಾದಲ್ಲಿ ಬೀಗರ ಮನೆಯ ಲಗ್ನ ಎಂದ. ಗಂಟಲು ಮಾತ್ರ ನೆಟ್ಟಗಾಗಿತ್ತು, ಅದು ಕೇಳಿಸಿತು. ನೀಲಮ್ಮ ಎಂದಿನಂತೆ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿದಳು, ಬೇಡ ಎನ್ನಲು ನನಗೆ ನಾಚಿಕೆಯಾಯಿತು. ಸೋಮವಾರವೂ ಅದನ್ನೇ ಉಂಡೆ. ಒಬ್ಬನೇ ಕೂತು ಸಿನಿಮಾ ಹಾಕಿ ನೋಡಿದೆ. ಒಂದೊಂದು ಮಾತೂ ಸ್ಪಷ್ಟವಾಗಿ ಅರ್ಥವಾಯಿತು, ನಡುವೆ ಬಾಯಿ ಹಾಕುವವರು ಯಾರೂ ಇರಲಿಲ್ಲ. ಅರ್ಧಕ್ಕೇ ನಿಲ್ಲಿಸಿದೆ. ಅಷ್ಟು ಬೇಜಾರಿನ ಸಿನಿಮಾ ನಾನು ಇನ್ನೊಂದು ನೋಡಿಲ್ಲ.

ಕಡೆಗೆ ತಡೆಯಲಾಗದೆ ಒಂದು ರಜೆಯ ದಿನ ಸುರಪುರದ ಬಸ್ಸು ಹತ್ತಿದೆ. ತಪ್ಪಾಯಿತು ಎನ್ನೋಣವೆಂದರೆ ಏನು ತಪ್ಪು? ಅರ್ಥ ಸರಿಯಾಗಿ ಹೇಳಿದ್ದು ತಪ್ಪೆಂದು ಯಾವ ಬಾಯಿಂದ ಹೇಳಲಿ? ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಸರಿಹೋಗಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಕುರಿ ಮೇಯಿಸುವ ಮಂದಿ, ಕಂಬಳಿ ಕೊಳ್ಳಲು ಬಂದವರು, ಕಂಬಳಿ ಮರೆತು ಕೂತಿದ್ದರು. ನಿಂಗಪ್ಪ ಅಡವಿ ಪಿಚ್ಚರ್ ಹೇಳುತ್ತಿದ್ದ. ನಾನು ಹೊರಗೆ ಕಂಬದ ಮಗ್ಗುಲಿಗೆ ನಿಂತೆ.

ಕಥೆ ಬಹಳ ಮುಂದುವರಿದಿತ್ತು. ನಾನೆಂದೂ ಕೇಳದ ಒಂದು ಹೊಸ ಪಾತ್ರ ಅದರಲ್ಲಿ ಸೇರಿಕೊಂಡಿತ್ತು. ಕನ್ನಡಕದ ಒಬ್ಬ ಮಾಸ್ತರ. ಅವನು ಶೂರನ ಮೇಲೆ ಊರ ತುಂಬ ಪುಕಾರು ಹಬ್ಬಿಸಿದ್ದನಂತೆ, ಇಂವ ಅಂಜುಬುರುಕ, ರಾಜನ ಕಾಲಿಗೆ ಬಿದ್ದಾನ ಎಂದು. ಶೂರನ ಮಂದಿ ಆ ಮಾಸ್ತರನನ್ನು ಹಗ್ಗ ಕಟ್ಟಿ ಅಡವಿಗೆ ಎಳೆದು ತಂದಿದ್ದರು. ಕಂಬದ ಮರೆಯಲ್ಲಿ ನನ್ನ ಕಿವಿ ಬಿಸಿಯಾದವು. ವಾಪಸು ಹೋಗಿಬಿಡೋಣವೆಂದು ತಿರುಗಿದೆ. ಅಷ್ಟರಲ್ಲಿ ಒಬ್ಬ ಮುದುಕ ಗಿರಾಕಿ, ಕಡಿದು ಹಾಕಿದರೇನು ಅವನನ್ನು ಎಂದು ಕೇಳಿದ. ನಿಂಗಪ್ಪ ಮಾತು ನಿಲ್ಲಿಸಿದ. ಅವನ ಕಣ್ಣು ನನ್ನ ಮೇಲೆ ಬಿದ್ದಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ ಗೊತ್ತಿಲ್ಲ.

‘ಕಡಿದು ಏನ್ ಮಾಡೂದೈತಿ ಕಾಕಾ. ಮನ್ಯಾಗ ಮಾತಾಡ್ಸಾಕ ಒಬ್ರೂ ಇಲ್ಲದ ಮನಿಷ್ಯಾ ಅಂವ. ನಮ್ಮ ಶೂರ ಮಗ್ಗಲ್ದಾಗ ಕುಂದರಿಸ್ಕೊಂಡು ಊಟಕ್ಕ ಹಾಕಿದ.’

ಹಾಗೆಂದು ಕಂಬಳಿ ರಾಶಿಯ ಮೇಲೆ ಕೂತಿದ್ದವನು ಒಂದಿಷ್ಟು ಆಚೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟ. ನಾನು ಒಳಗೆ ಹೋಗಿ ಕೂತೆ. ಯಾರೋ ನನ್ನ ಕಡೆ ತಿರುಗಿ, ಹೌದೇನ್ರಿ ಸರ, ಪಿಚ್ಚರಿನಲ್ಲಿ ಹಂಗೇ ಐತೇನ್ರಿ ಎಂದು ಕೇಳಿದರು. ಆ ಸಿನಿಮಾದ ಪ್ರತಿ ಸಾಲೂ ನನಗೆ ಬಾಯಿಪಾಠ. ಅದರಲ್ಲಿ ಮಾಸ್ತರನೂ ಇಲ್ಲ, ಅವನಿಗೆ ಊಟ ಹಾಕುವ ದೃಶ್ಯವೂ ಇಲ್ಲ. ಹೌದು, ಹಾಗೇ ಇದೆ, ನಾನು ಇಂಗ್ಲಿಷಿನಲ್ಲೇ ಕೇಳಿದ್ದೇನೆ ಎಂದೆ.