ಸಾಲಿ ತೋಟ, ನನ್ನ ಕಾಯಂ ನೌಕರಿ

ವಿಜ್ಞಾನದ ಮಾಸ್ತರನ ಕೈಯಾಗ ಸಲಿಕಿ ಕೊಟ್ರ ನಗೋ ಪ್ರಸಂಗ ತಾವಾಗೇ ಹುಟ್ಟತಾವ, ಬೀಜ ಹಾಕೋದೂ ಬೇಕಾಗಿಲ್ಲ.

ನಿಜಾಮರ ಆಳಿಕಿ ಹೋಗಿ ಎರಡು ಮೂರು ವರ್ಷ ಆಗಿತ್ತು. ಶಹಾಪುರದ ಆಚಿ ಒಂದು ಹಳ್ಳಿ ಸಾಲಿಗೆ ನನ್ನನ್ನ ಹಂಗಾಮಿ ಮಾಸ್ತರ ಅಂತ ಹಾಕಿದ್ರು. ಪುಸ್ತಕ ಇನ್ನೂ ಉರ್ದುದಾಗ, ಹುಡುಗರಿಗೆ ಬರೋದು ಕನ್ನಡ. ಸಾಲಿ ಹಿಂದ ತೋಟ ಮಾಡಿ ಅದರಾಗೇ ವಿಜ್ಞಾನ ಕಲಸ್ರಿ ಅಂತ ಹುಕುಂ ಬಂತು. ಇನ್ಸ್‌ಪೆಕ್ಟರ್ ಸಾಹೇಬರು ತೋಟ ನೋಡಿ ಮೆಚ್ಚಿದ್ರ ನೌಕರಿ ಕಾಯಂ, ಇಲ್ಲಂದ್ರ ಗಂಟುಮೂಟಿ ಕಟ್ಟೋದು. ಮನ್ಯಾಗ ಹೆಂಡ್ತಿ ಬಸುರಿ. ನನ್ನ ಜೀವ ಎಲ್ಲಾ ಆ ಮೆಂತ್ಯಪಲ್ಯದ ಮಡಿಯಾಗೇ ಇತ್ತು.

೧. ಸಾಲಿಗೆ ಯಾಕ ಬರಬೇಕು?

ಮೊದಲನೇ ದಿನ ಮಡಿ ಮಾಡಾಕತ್ತಿದ್ದೆ. ಕುರಿ ಕಾಯೋರ ಮನಿ ಹುಡುಗಿ ಒಬ್ಬಾಕಿ ನನ್ನ ಹಂತೇಲಿ ಕಲೀತಿದ್ದಳು. ಆಕಿ ಅವ್ವ ತಲಿಮ್ಯಾಲೆ ಕೊಡ ಹೊತ್ತು ಬಂದು ನಿಂತಳು.

"ಯಾಕ್ರೀ ಮಾಸ್ತರ, ಮನ್ಯಾಗೂ ಮಣ್ಣು ಕೆದರತಾಳ, ಸಾಲ್ಯಾಗೂ ಮಣ್ಣೇ ಕೆದರಬೇಕಂದ್ರ ಸಾಲಿಗೆ ಯಾಕ ಬರಬೇಕ್ರೀ?"

"ಇದು ವಿಜ್ಞಾನ ಯವ್ವಾ. ಬೇರು ನೀರು ಹೆಂಗ ಕುಡೀತಾವ ಅಂತ ತಿಳೀತದ."

ಆಕಿ ಕೊಡ ಇಳಿಸಿದಳು. ನನ್ನ ಸಲಿಕಿ ಕಸಗೊಂಡು, ಮುಂಜಾನಿಂದ ನಾ ಮಾಡಿದ್ದನ್ನೆಲ್ಲ ಕೆಡವಿ ಹೊಸದಾಗಿ ಕಟ್ಟಿದಳು. ನಾನು ಇಳಕಲು ಉಲ್ಟಾ ಮಾಡಿದ್ನಂತ, ನೀರು ಹಾಕಿದ್ರ ಎಲ್ಲಾ ಕ್ಲಾಸಿನ್ಯಾಗ ಬರ್ತಿತ್ತಂತ. ಹೋಗುವಾಗ ಮಗಳಿಗೆ ಅಂದಳು:

"ದಿನಾ ತಪ್ಪಸದಂಗ ಸಾಲಿಗೆ ಬಾ. ಮಾಸ್ತರಿಗೆ ಕಲಸೋರು ಯಾರರ ಬೇಕಲ್ಲ!"

೨. ನೀರು ಹಾಕಬಾರದ ಗಡಿಗಿ

ಎರಡು ಗಡಿಗ್ಯಾಗ ಮಣ್ಣು ತುಂಬಿ ಹೆಸರುಕಾಳು ಹಾಕಿದ್ದೆ. ಮೊಳಕಿ ಗೇಣುದ್ದ ಆದ ಮ್ಯಾಲೆ, "ಇದಕ್ಕ ನೀರು ಹಾಕ್ರಿ, ಅದಕ್ಕ ಹನಿ ಸುದ್ದಾ ಹಾಕಬ್ಯಾಡ್ರಿ. ಏನಾಗ್ತದ ನೋಡೋಣು" ಅಂದೆ.

ಎಂಟು ದಿನಕ್ಕ ನೋಡಿದ್ರ, ನೀರು ಹಾಕಬಾರದ್ದೇ ಸೊಕ್ಕಿ ಬೆಳದಿತ್ತು! ನನಗ ಸಿಟ್ಟು ನೆತ್ತಿಗೇರಿತು. "ಯಾರು ಹಾಕೀರಿ?" ಅಂತ ಗದರಿದ್ರ ಒಂದೊಂದಾಗಿ ಕೈ ಏಳಾಕತ್ತವು. ಇಡೀ ಕ್ಲಾಸು!

"ಪಾಪ, ಅದೇನು ತಪ್ಪು ಮಾಡ್ಯಾದ್ರೀ?" ಅಂದಳು ಅದೇ ಹುಡುಗಿ.

ತಲಿ ಮ್ಯಾಲೆ ಕೈ ಹೊತ್ತು ಹೆಡ್‌ಮಾಸ್ತರ ಸಾಹೇಬರ ಹಂತೇಲಿ ಹೋದೆ. ವಯಸ್ಸಾದ ಭಾಳ ಸಾಧು ಮನುಷ್ಯಾ. ಎಲ್ಲಾ ಕೇಳಿ ಗಡ್ಡ ಸವರಿಕೊಂಡು ಸಣ್ಣ ಧ್ವನಿಲೆ ಅಂದ್ರು: "ಖರೇ ಹೇಳ್ತೀನಪಾ, ನಮಾಜಿಗೆ ಕೈಕಾಲು ತೊಳಿಯೋ ನೀರು ನಾನೂ ದಿನಾ ಅದಕ್ಕೇ ಸುರೀತಿದ್ದೆ."

೩. ಗೊಬ್ಬರ

ಮೆಂತ್ಯ, ಬದನಿ, ಮೆಣಸಿನಗಿಡ ಎಲ್ಲಾ ಚೆಂದ ಎದ್ದವು. ಇನ್ಸ್‌ಪೆಕ್ಟರ್ ಸಾಹೇಬರು ನಾಳಿ ಬರ್ತಾರ ಅನ್ನೋ ದಿನ ಕ್ಲಾಸಿನ್ಯಾಗ ಗೊಬ್ಬರದ ಪಾಠ ಮುಗಿಸಿ, "ನಮ್ಮ ತೋಟಕ್ಕೂ ಚೂರು ಗೊಬ್ಬರ ಬೇಕು, ಮನ್ಯಾಗ ಕೇಳ್ರಿ" ಅಂದೆ.

ನಮ್ಮ ಕಡಿ ಹೊಲಕ್ಕ ಗೊಬ್ಬರ ಬೇಕಂದ್ರ ಕುರಿ ತರುಬ್ತಾರ. ಇಡೀ ಹಿಂಡು ಒಂದು ರಾತ್ರಿ ಹೊಲದಾಗ ಮಲಗಿ ಎದ್ರ ಸಾಕು, ಹಿಕ್ಕಿ ಎಲ್ಲಾ ಮಣ್ಣಿಗೆ.

ಮರುದಿನ ಮುಂಜಾನಿ ಬಂದು ನೋಡಿದ್ರ ತೋಟನೇ ಇಲ್ಲ! ಒಂದು ಎಲಿ ಉಳಿದಿಲ್ಲ. ನೂರಾರು ಕುರಿ ಮೆಲುಕು ಹಾಕ್ಕೋತ ಕುಂತಾವ. ಹುಡುಗಿ ಅಪ್ಪ ಕಂಬಳಿ ಹೊದ್ದು ನಿಂತಾನ.

"ಮಾಸ್ತರು ಕೇಳ್ಯಾರಂತ ಮಗಳು ಹೇಳಿದಳ್ರಿ. ಕತ್ತಲಾದ ಮ್ಯಾಲೆ ಬಂದು ತರುಬೀನಿ. ಯಾಕ್ರೀ, ಇಲ್ಲಿ ಬೆಳಿ ಇತ್ತೇನ್ರೀ?"

ನನಗ ಅಳು ಬಂತು. ಅಷ್ಟರಾಗ ಸಾಹೇಬರ ಬಂಡಿ ಬಂತು.

"ತೋಟ ಎಲ್ಲಿ?"

ಹುಡುಗಿ ಮುಂದ ಬಂದಳು.

"ಎಲ್ಲೂ ಹೋಗಿಲ್ರಿ ಸಾಹೇಬ್ರ. ಎಲಿ ಕುರಿ ಹೊಟ್ಯಾಗ ಹೋಗಿ, ಹಿಕ್ಕಿ ಆಗಿ, ಮಣ್ಣಿಗೇ ಬಂದದ. ಮಳಿ ಆದ್ರ ಮತ್ತ ಎಲಿ ಆಗ್ತದ. ಚೂರು ತಡೀಬೇಕ್ರಿ."

ಸಾಹೇಬರು ಬಗ್ಗಿ ಒಂದು ಹಿಡಿ ಮಣ್ಣು ತಿಕ್ಕಿ ನೋಡಿದ್ರು. "ಇದನ್ನೆಲ್ಲ ಯಾರು ಕಲಿಸ್ಯಾರ?"

"ಅರ್ಧ ಮಾಸ್ತರು, ಅರ್ಧ ನಮ್ಮವ್ವ."

ಅವರು ರಿಜಿಸ್ಟರದಾಗ ಬರದ್ರು: ‘ತೋಟ ಇಲ್ಲ. ಪಾಠ ಅದ. ಕಾಯಂ ಮಾಡಬಹುದು.’ ಹೋದ ಜೀವ ಬಂದಂಗಾತು ನನಗ.

ಹೊಂಟಾಗ ಸಾಹೇಬರು ಕುರಿಯವನನ್ನ ಬೇವಿನ ಗಿಡದ ಹಿಂದ ಕರಕೊಂಡು ಹೋದ್ರು. ಬೈತಾರೇನೋ ಅಂತ ಹೆದರಿ ನಾನೂ ಹಿಂದೇ ಹೋದೆ.

"ಸುರಪುರದ ದಾರ್ಯಾಗ ನಮ್ಮದೊಂದು ಹೊಲ ಅದ. ಎರಡು ದಿನ ಕುರಿ ತರುಬ್ತೀಯೇನು?"

ಅವ ನನ್ನ ಕಡಿ ಒಮ್ಮೆ ನೋಡಿ ಅಂದ: "ತರುಬ್ತೀನ್ರಿ ಸಾಹೇಬ್ರ. ಆದ್ರ ಬೆಳಿ ಇದ್ರ ಮೊದಲೇ ಹೇಳ್ರಿ, ಮಾಸ್ತರಂಗ ಮುಚ್ಚಿಡಬ್ಯಾಡ್ರಿ."