ಬೀಗರಿಗೆ ಹಾಟ್ ಡಾಗ್ ಇಲ್ಲ

ನವಲಗುಂದದಿಂದ ಮೊರಬಕ್ಕೆ ಹೋಗುವ ರಸ್ತೆಯಲ್ಲಿ, ಕಳೆದ ಸುಗ್ಗಿಯ ದಿನಗಳಲ್ಲಿ, ಹಾಡಹಗಲೇ, ನಾಲ್ಕು ಜನರ ಎದುರಿಗೆ, ಒಬ್ಬ ನಾಗರಿಕನಿಗೆ ಹಾಟ್ ಡಾಗ್ ನಿರಾಕರಿಸಲಾಯಿತು. ಪ್ರಾಣಹಾನಿ ಆಗಲಿಲ್ಲ. ಸಂಚಾರ ಅಸ್ತವ್ಯಸ್ತವಾಗಲಿಲ್ಲ. ಯಾವ ಅಧಿಕಾರಿಯೂ ಸ್ಥಳಕ್ಕೆ ಧಾವಿಸಲಿಲ್ಲ. ಆ ನಾಗರಿಕ ನಾನು.

ಒಮ್ಮೆ ಆಗಿದ್ದರೆ ಗ್ರಹಚಾರ ಎಂದು ಸುಮ್ಮನಾಗುತ್ತಿದ್ದೆ. ಆದರೆ ಅದು ಆಗುತ್ತಲೇ ಹೋಯಿತು. ನಮ್ಮ ಭಾಗದಲ್ಲಿ ಮನುಷ್ಯನೊಬ್ಬ ಮಗನಾಗಿ, ಅಳಿಯನಾಗಿ, ಭಾವನಾಗಿ ಸುಖವಾಗಿ ಬಾಳಬಹುದು. ಬರೀ ಗಿರಾಕಿಯಾಗಿ ಐದು ನಿಮಿಷ ನಿಲ್ಲುವುದು ಸಾಧ್ಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಡುನಡುವೆ ಸಿಟ್ಟು ಕಂಡರೆ ಅದು ಬರವಣಿಗೆಯ ಅಲಂಕಾರವಲ್ಲ, ನಿಜವಾದ ಸಿಟ್ಟು.

ಎರೆ ಹೊಲದಲ್ಲಿ ಜಪಾನು

ನನ್ನ ನೌಕರಿ ನವಲಗುಂದದಲ್ಲಿ, ಮನೆ ಮೊರಬದಲ್ಲಿ. ನಡುವೆ ಒಂದು ಬೇವಿನ ಮರ, ಮರದ ಕೆಳಗೆ ಒಂದು ತಳ್ಳುಗಾಡಿ. ಗಾಡಿಯವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಮೊದಲು ಮಿರ್ಚಿ ಭಜಿ ಕರಿಯುತ್ತಿದ್ದರು. ಒಂದು ದಿನ ಮೊಬೈಲಿನಲ್ಲಿ ಜಪಾನಿನ ಹಳ್ಳಿಯೊಂದರ ವಿಡಿಯೋ ನೋಡಿದರು. ಸುತ್ತ ಭತ್ತದ ಗದ್ದೆ, ನಡುವೆ ರಸ್ತೆ, ರಸ್ತೆ ಬದಿಗೆ ಒಂಟಿ ಅಂಗಡಿ, ಅದರಲ್ಲಿ ಒಬ್ಬ ಅಜ್ಜ ಹಾಟ್ ಡಾಗ್ ಮಾರುತ್ತಿದ್ದಾನೆ. ಕಾರಿನವರು ಬಂದು ಬಗ್ಗಿ ನಮಸ್ಕರಿಸುತ್ತಾರೆ, ಅಜ್ಜನೂ ಬಗ್ಗುತ್ತಾನೆ, ತಿಂದು ಹೋಗುತ್ತಾರೆ.

"ಅಲ್ಲಿ ಸುತ್ತ ಗದ್ದಿ, ಇಲ್ಲಿ ಸುತ್ತ ಕಡ್ಲಿ ಹೊಲ. ಅವನಿಗೆ ನಡೀತೈತಿ ಅಂದ್ರ ನನಗ್ಯಾಕ ನಡಿಯಂಗಿಲ್ರಿ?" ಎಂದರು ಕಾಕಾ. ತರ್ಕದಲ್ಲಿ ದೋಷವಿರಲಿಲ್ಲ.

ದೀಪಾವಳಿಯ ಆಕಾಶಬುಟ್ಟಿ ಬೇವಿನ ಕೊಂಬೆಗೆ ಏರಿ ಜಪಾನಿ ದೀಪವಾಯಿತು. ಹಣೆಯ ಮೇಲೆ ವಿಭೂತಿ ಇರುವ ಮನೆತನ, ಹಾಗಾಗಿ ಮಾಂಸದ ಮಾತೇ ಇಲ್ಲ. ಆಲೂಗಡ್ಡೆ, ಕಡಲೆಹಿಟ್ಟು ಸೇರಿಸಿ ಉದ್ದಕ್ಕೆ ಹೊಸೆದು ಕರಿದು, ಉದ್ದನೆಯ ಬ್ರೆಡ್ಡಿನೊಳಗಿಟ್ಟು, ಮೇಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಹೆಸರಿನ ಬಗ್ಗೆ ಊರು ಆಗಲೇ ನಗಬೇಕಾದಷ್ಟು ನಕ್ಕು ಮುಗಿಸಿದೆ. ಅದನ್ನು ಇಲ್ಲಿ ಮತ್ತೆ ಬಿಸಿ ಮಾಡುವುದಿಲ್ಲ. ವಾಸನೆ ಮಾತ್ರ ಗಾಳಿ ಬಂದ ಕಡೆ ಬಹು ದೂರ ಹೋಗುತ್ತಿತ್ತು, ನನ್ನ ಮನಸ್ಸು ಅದರ ಹಿಂದೆ.

ಗಿರಾಕಿ ಬಂದಾಗಲೆಲ್ಲ ಕಾಕಾ ಜಪಾನಿ ರೀತಿಯಲ್ಲಿ ಸೊಂಟದ ತನಕ ಬಗ್ಗುತ್ತಿದ್ದರು. ಇದನ್ನು ಕಂಡು ಮೊದಲ ದಿನವೇ ಒಬ್ಬ ಹಿರಿಯರು ಕಳವಳಗೊಂಡು, ಮರುದಿನ ನಡಕ್ಕೆ ತಿಕ್ಕಿಕೊಳ್ಳಲು ಎಣ್ಣೆ ತಂದುಕೊಟ್ಟರು.

ಯಾರ ಪೈಕಿ?

ನಾನು ಬೈಕ್ ನಿಲ್ಲಿಸಿ ಒಂದು ಹಾಟ್ ಡಾಗ್ ಕೇಳಿದೆ. ಕಾಕಾ ಬಗ್ಗಿದರು. ಬ್ರೆಡ್ ಸೀಳಿದರು. ಇಲ್ಲಿಯತನಕ ಜಪಾನು ಸರಿಯಾಗಿತ್ತು.

"ಯಾವೂರ್ರಿ?"

"ಮೊರಬ."

"ಮೊರಬದಾಗ ಯಾರ ಪೈಕಿ?"

ಹಾಟ್ ಡಾಗಿಗೂ ನನ್ನ ವಂಶಕ್ಕೂ ಏನು ಸಂಬಂಧ ಎಂದು ನಾನು ಅಲ್ಲಿಯೇ ಪ್ರತಿಭಟಿಸಬೇಕಿತ್ತು. ಆದರೆ ಈ ಪ್ರಶ್ನೆ ಕಿವಿಗೆ ಬಿದ್ದರೆ ನಮ್ಮವರ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಹೇಳಿದೆ.

"ಮತ್ತ ಮನಿಯವ್ರ ತವರಮನಿ?"

"ಅಣ್ಣಿಗೇರಿ."

ಇಕ್ಕಳ ಗಾಳಿಯಲ್ಲಿ ನಿಂತಿತು. "ಅಣ್ಣಿಗೇರಿಯಾಗ ಹಳೇ ಗಿರಣಿ ಬಾಜು ಮನಿ ನಿಮಗೇನಾಗಬೇಕ್ರಿ?"

"ಅದು ನನ್ನ ಹೆಂಡತಿಯ ಸೋದರಮಾವನ ಮನೆ."

"ಅಯ್ಯ ಶಿವನ! ನಮ್ಮಣ್ಣನ ಮಗಳನ್ನ ಆ ಮನೀಗೇ ಕೊಟ್ಟೀವಲ್ರಿ! ಬೀಗರಾದ್ರಲ್ರಿ ನೀವು!"

ಇಷ್ಟು ಹೇಳಿ, ಚಟ್ನಿ ಉದುರಿಸಿ ತಯಾರಾಗಿದ್ದ ನನ್ನ ಹಾಟ್ ಡಾಗನ್ನು ಬಾಜು ನಿಂತಿದ್ದ ಟ್ರ್ಯಾಕ್ಟರ್ ಚಾಲಕನ ಕೈಗೆ ಕೊಟ್ಟರು.

"ಕಾಕಾ, ಅದು ನಂದು."

"ಬೀಗರಿಗೆ ರಸ್ತಾದಾಗ ನಿಂದ್ರಿಸಿ, ಕಾಗದದಾಗ ಸುತ್ತಿ ತಿನ್ನಾಕ ಕೊಡ್ಲೇನ್ರಿ? ನಾಳೆ ಅಣ್ಣಿಗೇರಿಯಾಗ ಯಾವ ಮಾರಿ ಹೊತ್ಗೊಂಡು ಅಡ್ಡಾಡ್ಲಿ? ನಮ್ಮ ಹುಡುಗಿ ಬಾಳ್ವೆ ಮಾಡೂ ಮನಿ ಅದು. ಮನೀಗೆ ಬರ್ರಿ, ಊಟಾ ಮಾಡೂಣು."

ಇದ್ದ ಒಂದೇ ಕುರ್ಚಿಯ ಮೇಲೆ ನನ್ನನ್ನು ಕೂಡಿಸಿ ಚಹಾ ಕೊಟ್ಟರು. ಎದುರಿಗೆ ಚಾಲಕ ನನ್ನ ಹಾಟ್ ಡಾಗ್ ತಿನ್ನುತ್ತಿದ್ದ.

"ಈ ಕಡೆ ನಿಮಗೆ ನಂಟರು ಯಾರೂ ಇಲ್ಲವೇ?" ಎಂದು ಅವನನ್ನು ಕೇಳಿದೆ.

"ಯಾರೂ ಇಲ್ರಿ. ನಾ ಬಿಜಾಪುರ ಕಡ್ಯಾಂವ," ಎಂದು ಬೆರಳು ನೆಕ್ಕಿದ. ಬೇರೆ ಜಿಲ್ಲೆಯವರ ಬಗ್ಗೆ ಅಲ್ಲಿಯತನಕ ನನ್ನ ಮನಸ್ಸಿನಲ್ಲಿ ಯಾವ ಕಹಿಯೂ ಇರಲಿಲ್ಲ.

ಹೆಲ್ಮೆಟ್ಟಿನೊಳಗಿನ ಅನಾಮಿಕ

ಮುಂದಿನ ಸಲ ನಾನು ಪೂರ್ವಸಿದ್ಧತೆ ಮಾಡಿಕೊಂಡೆ. ಸಹೋದ್ಯೋಗಿಯ ಸ್ಕೂಟರ್, ಅವನದೇ ಹೆಲ್ಮೆಟ್. ಗದ್ದದ ಕೆಳಗಿನವರೆಗೂ ಮುಚ್ಚುವಂಥದ್ದು, ಕರೀ ಗಾಜು. ಮಾತಾಡಿದರೆ ಸಿಕ್ಕಿಬೀಳುತ್ತೇನೆಂದು ಒಂದು ಬೆರಳು ಎತ್ತಿ ತೋರಿಸಿದೆ.

ಕಾಕಾ ಬಗ್ಗಿದರು. ಏನೂ ಕೇಳಲಿಲ್ಲ. ಹಾಟ್ ಡಾಗ್ ನನ್ನ ಕೈಗೆ ಬಂತು. ಬಿಸಿ ಇತ್ತು. ಆ ಕ್ಷಣದಲ್ಲಿ ನಾನು ಬೀಗನಲ್ಲ, ಯಾರ ಪೈಕಿಯೂ ಅಲ್ಲ. ಹಸಿದ ಒಬ್ಬ ಸ್ವತಂತ್ರ ಮನುಷ್ಯ.

ಗಾಜು ಎತ್ತಿ ಬಾಯಿಗಿಡಲು ಹೋದೆ. ಹೆಲ್ಮೆಟ್ ತಯಾರಿಸಿದವರು ಕಣ್ಣಿಗಷ್ಟೇ ಕಿಟಕಿ ಬಿಟ್ಟಿದ್ದರು. ಬಾಯಿಯ ಎದುರಿಗೆ ಗೋಡೆ. ಹಾಟ್ ಡಾಗನ್ನು ಮೇಲಿನಿಂದ ಓರೆಯಾಗಿ ಇಳಿಸಿ ನೋಡಿದೆ. ಅದು ಮೂಗಿನ ತನಕ ಬಂದು ನಿಂತಿತು. ಗುರೆಳ್ಳು ಚಟ್ನಿ ಕಣ್ಣಿಗೆ ಹೋಗಿ ಕೆಮ್ಮು ಹತ್ತಿತು.

"ಸಾಹೇಬ್ರ, ಹೆಲ್ಮೆಟ್ ತಗೀರಿ, ಉಸರ ಕಟ್ಟೀತು!" ಕಾಕಾ ಗಾಡಿ ಬಿಟ್ಟು ಓಡಿ ಬಂದರು. ನಾನು ಕೈಯಾಡಿಸಿ ಬೇಡವೆಂದೆ. ಅದನ್ನು ಪ್ರಾಣಸಂಕಟ ಎಂದು ತಿಳಿದು, ಎರಡೂ ಕೈಯಿಂದ ಹೆಲ್ಮೆಟ್ ಹಿಡಿದು ಜಗ್ಗಿಯೇ ತೆಗೆದರು.

"ಅಯ್ಯ! ಬೀಗರ!"

ಹಾಟ್ ಡಾಗ್ ವಾಪಸು ಹೋಯಿತು. ಚಹಾ ಬಂತು. ಹೆಲ್ಮೆಟ್ಟಿನ ಗಾಜಿಗೆ ಒಳಗಡೆ ಹತ್ತಿದ್ದ ಚಟ್ನಿಯನ್ನು ದಾರಿಯಲ್ಲಿ ನಾನು ಏನು ಮಾಡಿದೆ ಎಂಬುದು ನನ್ನ ಖಾಸಗಿ ವಿಷಯ.

ಹೊರಗಿನವರ ತಿನಿಸು

ವಿಷಯ ಅಣ್ಣಿಗೇರಿಯ ಮೂಲಕ ನನ್ನ ಹೆಂಡತಿಗೆ ತಲುಪಿತು. "ಬೀಗರು ಊಟಕ್ಕ ಕರದಾರ ಅಂದ್ರ ಹೋಗಬೇಕ್ರಿ. ಇಲ್ಲಂದ್ರ ತವರಮನ್ಯಾಗ ನಾ ತಲಿ ಎತ್ತೂ ಹಂಗಿಲ್ಲ," ಎಂದಳು. ನನಗೂ ಒಂದು ಆಸೆ ಇತ್ತು. ಕರಿಯುವವರು ಅಲ್ಲೇ ಇರುತ್ತಾರೆ, ಎಣ್ಣೆಯೂ ಅಲ್ಲೇ ಇರುತ್ತದೆ, ರಸ್ತೆಯ ಪ್ರಶ್ನೆಯೇ ಬರುವುದಿಲ್ಲ. ರವಿವಾರ ಹೋದೆವು.

ಕಟಕ ರೊಟ್ಟಿ, ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಜುಣಕ, ಮಡಕಿ ಕಾಳಿನ ಪಲ್ಯ, ಕೆನೆ ಮೊಸರು, ಶೇಂಗಾ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಬೇಡವೆಂದು ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಮೇಲೆಯೇ ಇನ್ನೊಂದು ಹೋಳಿಗೆ. ಉಸಿರಾಡಲು ಜಾಗವಿಲ್ಲದ ಹೊತ್ತಿನಲ್ಲಿ, ಇದ್ದ ಧೈರ್ಯವನ್ನೆಲ್ಲ ಕೂಡಿಸಿ, ಮನೆಯ ಯಜಮಾನಿಯನ್ನು ಕೇಳಿದೆ: "ಕಾಕೂ, ಒಂದು ಹಾಟ್ ಡಾಗ್..."

ಕಾಕೂ ಸೆರಗು ಬಾಯಿಗಿಟ್ಟುಕೊಂಡರು. "ಏ, ಅದನ್ನ ಮನ್ಯಾಗ ಮಾಡಂಗಿಲ್ರಿ ನಾವು. ಅದು ಹೊರಗಿನವ್ರಿಗೆ."

ಹೊರಡುವಾಗ ಹೆಂಡತಿಗೆ ಉಡಿ ತುಂಬಿದರು. ನನಗೆ ಟೊಪ್ಪಿಗೆ, ಟಾವೆಲ್ ಕೊಟ್ಟು ಆಯೇರಿ ಮಾಡಿದರು. ಹಾಟ್ ಡಾಗ್ ತಿನ್ನಲು ಹೋದವನು ತಲೆಯ ಮೇಲೆ ಬಿಳಿ ಟೊಪ್ಪಿಗೆ ಇಟ್ಟುಕೊಂಡು ಮರಳಿದೆ.

"ಎಷ್ಟ್ ಛಲೋ ಮಂದಿ ನೋಡ್ರಿ!" ಎಂದಳು ಹೆಂಡತಿ.

"ಹಾಟ್ ಡಾಗ್ ಕೊಡಲಿಲ್ಲ."

"ಅಷ್ಟೆಲ್ಲಾ ತಿಂದೂ ಇದ ಮಾತೇನ್ರಿ? ನಿಮಗ ಹೊಟ್ಟಿ ಐತೋ, ಜೋಳಾ ತುಂಬೂ ಹಗೇವು ಐತೋ?"

ಹಕ್ಕಿನ ಪ್ರಶ್ನೆಯನ್ನು ಹೊಟ್ಟೆಯ ಪ್ರಶ್ನೆಯಾಗಿ ನೋಡುವವರ ಜೊತೆ ವಾದ ಮಾಡಬಾರದು. ಮಾಡಲಿಲ್ಲ.

ಬ್ರೆಡ್ಡಿನ ಚಾಚಾ

ಕಾಕಾನ ಗಾಡಿಗೆ ಬ್ರೆಡ್ ಬರುತ್ತಿದ್ದದ್ದು ಅಣ್ಣಿಗೇರಿಯ ಒಂದು ಬೇಕರಿಯಿಂದ. ಅದರ ಮಾಲೀಕ ಚಾಚಾ ಮುಸಲ್ಮಾನರು, ಅರವತ್ತು ದಾಟಿದವರು. ನಂಟಸ್ತನದ ಬಲೆ ಅಲ್ಲಿಯತನಕ ಚಾಚಿರಲಾರದು ಎಂದು ನನ್ನ ಲೆಕ್ಕ. ಬೇಕರಿಗೇ ಹೋಗಿ ಕೈ ಮುಗಿದೆ. "ಚಾಚಾ, ನೀವೊಂದು ಹಾಟ್ ಡಾಗ್ ಇಸಿದುಕೊಂಡು ಮರೆಯಲ್ಲಿ ನನಗೆ ಕೊಡಿ."

ಚಾಚಾ ಕೈಯಲ್ಲಿದ್ದ ಬ್ರೆಡ್ಡಿನ ತಟ್ಟೆ ಕೆಳಗಿಟ್ಟರು. "ದಿನಾ ಬ್ರೆಡ್ ಕೊಡಾಂವ ನಾನು. ಇವತ್ತಿನ ತನಕ ಒಂದರ ನನ್ನ ಬಾಯಾಗ ಬಿದ್ದಿಲ್ರಿ ಸಾಹೇಬ್ರ."

"ಯಾಕೆ?"

"ನಿಮ್ಮ ಕಾಕಾನ ಅವ್ವ ನಮ್ಮ ಓಣಿಯಾಕಿ. ಸಣ್ಣಾಂವ ಇದ್ದಾಗಿಂದ ನಾ ಆಕೀಗೆ ಅಕ್ಕಾ ಅಂತೀನಿ. ಹಂಗಾಗಿ ನಾ ಇವಗ ಮಾಮಾ. ‘ಸ್ವಾದರಮಾವಗ ರಸ್ತಾದಾಗ ತಿನಸ್ಲೇನು, ಮಂದಿ ಏನಂದಾರು’ ಅಂತಾನ. ಬ್ರೆಡ್ ಇಳಿಸಿ ಚಾ ಕುಡದು ಬರ್ತೀನಿ."

ಆಮೇಲೆ ಚಾಚಾ ಕೆಟ್ಟ ಸುದ್ದಿಯನ್ನೂ ಹೇಳಿದರು. ಕಾಕಾ ಗಾಡಿ ಎತ್ತಿ ಅಳ್ನಾವರಕ್ಕೆ ಹೊರಟಿದ್ದರು. ಇಲ್ಲಿ ಎರಡು ಪ್ರಶ್ನೆ ಕೇಳುವುದರೊಳಗೆ ಪ್ರತಿ ಗಿರಾಕಿಯೂ ನಂಟನಾಗಿಬಿಡುತ್ತಿದ್ದ. ಹಾಟ್ ಡಾಗ್ ಅಂಗಡಿಯಲ್ಲಿ ದಿನವೆಲ್ಲ ಚಹಾ ಖರ್ಚಾಗುತ್ತಿತ್ತು, ಅದೂ ಪುಕ್ಕಟೆ.

"ಕೇಳೂದ್ ಬಿಡೋ ಅಂದೆ," ಎಂದರು ಚಾಚಾ. "‘ಮಾಮಾ, ಮನಷ್ಯಾರನ್ನ ಮಾತಾಡಸದ ಹೆಂಗ್ ತಿನ್ನಾಕ ಕೊಡ್ಲಿ, ಅವೇನ್ ದನಾ ಏನು?’ ಅಂದ."

ಅಳ್ನಾವರ

ಅಳ್ನಾವರ ಅಡವಿಯ ಅಂಚಿನ ಊರು. ಗೋವಾಕ್ಕೆ ಹೋಗುವವರು, ರೈಲು ಹತ್ತುವವರು, ಇಳಿಯುವವರು. ಯಾರೂ ಯಾರ ಪೈಕಿಯೂ ಅಲ್ಲ. ನಾನು ಮತ್ತು ಚಾಚಾ ಒಂದೇ ಬೈಕಿನ ಮೇಲೆ ಹೋದೆವು. ಬೀಗತನ ತಾಲ್ಲೂಕಿನ ಗಡಿಯಲ್ಲಿ ನಿಲ್ಲುತ್ತದೆ, ಪರಊರಿನಲ್ಲಿ ಗಿರಾಕಿ ಗಿರಾಕಿಯೇ ಎಂದು ನಾನು ದಾರಿಯುದ್ದಕ್ಕೂ ವಾದಿಸಿದೆ. ಚಾಚಾ ಒಪ್ಪಿಕೊಂಡರು.

ಗಾಡಿಯ ಮುಂದೆ ಸಾಲು ನಿಂತಿತ್ತು. ನಾವೂ ನಿಂತೆವು. ಕಾಕಾ ಸೊರಗಿಹೋಗಿದ್ದರು. ಬಗ್ಗುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ, ತಲೆ ಎತ್ತದೆ ಕಟ್ಟಿ ಕಟ್ಟಿ ಕೊಡುತ್ತಿದ್ದರು. ನಮ್ಮ ಮುಂದೆ ಒಬ್ಬನೇ ಲಾರಿ ಚಾಲಕ ಉಳಿದಿದ್ದಾಗ ತಲೆ ಎತ್ತಿದರು.

"ಮಾಮಾ! ಬೀಗರ!" ಕಣ್ಣಲ್ಲಿ ನೀರು. "ಇಲ್ಲಿ ಬಂದಾಗಿಂದ ನೀ ಯಾರ ಪೈಕಿ ಅಂತ ಒಬ್ಬರರ ನನ್ನ ಕೇಳಿಲ್ರಿ!"

ಒಂದು ಹಾಟ್ ಡಾಗ್ ಎಂದು ನಾನು ಬಾಯಿ ತೆರೆಯುವುದರೊಳಗೆ ಕಾಕಾ ಒಲೆ ಆರಿಸಿದ್ದರು.

"ಇವತ್ತ ಬಂದ್! ನಮ್ಮವ್ರು ಬಂದಾರ!" ಎಂದು ಸಾಲಿಗೆ ಕೂಗಿ ಹೇಳಿ, ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಚಾಚಾನನ್ನು ಹಿಡಿದು ಖಾನಾವಳಿಯ ಕಡೆ ನಡೆದರು. ಲಾರಿ ಚಾಲಕ ನನ್ನನ್ನು ಒಂದು ನೋಟ ನೋಡಿದ. ನನಗೆ ಆ ನೋಟದ ಪರಿಚಯವಿತ್ತು. ಬೇವಿನ ಮರದ ಕೆಳಗೆ ಅದು ನನ್ನದಾಗಿತ್ತು.

ಪ್ರತ್ಯಕ್ಷದರ್ಶಿ

ನಂಟರಿಲ್ಲದ ಊರಿನಲ್ಲಿ ಇರಲಾರದೆ ಕಾಕಾ ಅದಕ್ಕೊಂದು ಪರಿಹಾರ ಕಂಡುಕೊಂಡರು. ಗಾಡಿ ನಿಲ್ಲಿಸಲು ಜಾಗ ಕೊಟ್ಟವರ ಮಗನಿಗೇ ತಮ್ಮ ಮಗಳನ್ನು ಕೊಟ್ಟರು. ಮದುವೆ ಅಳ್ನಾವರದಲ್ಲಿ. ನಾನು ಬೀಗ, ಚಾಚಾ ವಧುವಿನ ಕಡೆಯ ಅಜ್ಜನ ಸ್ಥಾನ. ಇಬ್ಬರನ್ನೂ ಮೊದಲ ಪಂಕ್ತಿಯಲ್ಲಿ, ಫ್ಯಾನಿನ ಕೆಳಗೆ ಕೂಡಿಸಿದರು.

ಎರಡನೇ ಹೋಳಿಗೆಯ ಹೊತ್ತಿಗೆ ನನ್ನ ಮೂಗಿಗೆ ಪರಿಚಿತ ವಾಸನೆ ಬಡಿಯಿತು. ಚಾಚಾನ ಮುಖ ನೋಡಿದೆ. ಚಾಚಾ ಆಗಲೇ ಹಿಂದಿನ ಬಾಗಿಲ ಕಡೆ ನೋಡುತ್ತಿದ್ದರು. ಕರಿದ ಆಲೂಗಡ್ಡೆ, ಗುರೆಳ್ಳು.

"ಕಾಕಾ, ಹಿಂದೆ ಏನು ನಡೆದಿದೆ?"

"ಬ್ಯಾಂಡಿನವ್ರಿಗ್ರಿ," ಎಂದು ಕಾಕಾ ನನ್ನ ಎಲೆಗೆ ತುಪ್ಪ ಸುರಿದರು. "ದೂರದಿಂದ ಬಂದಾರ, ಇನ್ನೊಂದ್ ಮದುವಿಗೆ ಹೋಗೂದೈತಂತ. ಪಂಕ್ತಿಗೆ ಕಾಯಾಕ ಅವ್ರಿಗೆ ಪುರಸತ್ತಿಲ್ಲ. ಅದಕ್ಕ ಗಾಡಿ ತರಸಿದೆ. ನಂಟರಲ್ಲ ಪಾಪ, ಹೆಂಗರ ನಡೀತೈತಿ."

ಉಂಡ ಕೈಯಲ್ಲಿಯೇ ಎದ್ದೆವು. ಪಂಕ್ತಿಯ ನಡುವೆ ಏಳಬಾರದೆಂಬ ಪದ್ಧತಿಯನ್ನು ನಾನು ಮುರಿದದ್ದು ಅದೊಂದೇ ಸಲ. ಹಿತ್ತಲಿಗೆ ಹೋಗುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು. ಕ್ಲಾರಿಯೋನೆಟ್ ನುಡಿಸುವವನು ಕೊನೆಯ ತುತ್ತು ನುಂಗಿ ತೋಳಿನಿಂದ ಬಾಯಿ ಒರೆಸಿಕೊಂಡ.

"ಹೆಂಗಿತ್ತು?" ಎಂದು ಚಾಚಾ ಕೇಳಿದರು.

ಅವನು ನಮ್ಮಿಬ್ಬರನ್ನೂ ನೋಡಿ ಸ್ವಲ್ಪ ವಿಚಾರ ಮಾಡಿ ಉತ್ತರ ಕೊಟ್ಟ.

ಅಳ್ನಾವರವೂ ಈಗ ಬೀಗರ ಊರಾಗಿರುವುದರಿಂದ ಹಾಟ್ ಡಾಗ್ ಅಂಗಡಿ ಅಲ್ಲಿಯೂ ಮುಚ್ಚಿದೆ. ಕಾಕಾ ಬೇವಿನ ಮರದ ಕೆಳಗೆ ಮರಳಿ ಮಿರ್ಚಿ ಭಜಿ ಕರಿಯುತ್ತಿದ್ದಾರೆ. ಅದನ್ನೂ ನನಗೆ ಕೊಡುವುದಿಲ್ಲ. ಹಾಟ್ ಡಾಗ್ ಕುರಿತು ನನ್ನ ಬಳಿ ಇರುವ ಮಾಹಿತಿ ಇಷ್ಟೇ: ಪ್ರತ್ಯಕ್ಷದರ್ಶಿಯ ಪ್ರಕಾರ, ಉಪ್ಪು ಸ್ವಲ್ಪ ಕಡಿಮೆ ಇತ್ತು.